ಇಮಾಮ್ ಕೆಲಸ: ನಮಾಜು ಒಂದೂಕಾಲು ಗಂಟೆ, ಉಳಿದ ಹೊತ್ತು?

ಪ್ರಶ್ನೆ: ನನ್ನ ತಮ್ಮನಿಗೆ 22 ವರ್ಷ. ಹಾಫಿಜ್ ಆಗಿದ್ದಾನೆ, ಅಂದರೆ ಇಡೀ ಕುರಾನು ಬಾಯಿಪಾಠ. ಆಲಿಮ್, ಅಂದರೆ ಧಾರ್ಮಿಕ ವಿದ್ವಾಂಸರ ಕೋರ್ಸಿನ ಕೊನೆಯ ವರ್ಷ ಓದುತ್ತಿದ್ದಾನೆ. ಮುಗಿದ ಮೇಲೆ ಯಾವುದಾದರೂ ಮಸೀದಿಯಲ್ಲಿ ಇಮಾಮ್ ಆಗುತ್ತೇನೆ ಅನ್ನುತ್ತಾನೆ. ಅಬ್ಬಾಗೆ ಇಷ್ಟವಿಲ್ಲ. "ದಿನಕ್ಕೆ ಐದು ಸಲ ಮುಂದೆ ನಿಲ್ಲೋದು ಒಂದು ಉದ್ಯೋಗವಾ?" ಅಂತಾರೆ. ಸರ್ಕಾರವೇ ಸಂಬಳ ಕೊಡುತ್ತದೆ ಅಂತ ಕೆಲವರು, ನಮಾಜಿಗೆ ದುಡ್ಡು ತೆಗೆದುಕೊಳ್ಳುವುದೇ ತಪ್ಪು ಅಂತ ಇನ್ನು ಕೆಲವರು. ಯಾವುದು ನಿಜ? ಕೆಲಸಕ್ಕೆ ಸೇರುವ ಮುಂಚೆ ಏನೇನು ಕೇಳಿಕೊಳ್ಳಬೇಕು? ಇನ್ನೊಂದು, ಇಮಾಮರಿಗೆ ಹೆಣ್ಣು ಕೊಡುವುದಿಲ್ಲ ಅಂತಾರಲ್ಲ, ಹೌದಾ?
– ಹಾವೇರಿ ಜಿಲ್ಲೆಯ ಒಬ್ಬ ಅಕ್ಕ

ಉತ್ತರ:

ತಂಗೀ, ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಇಮಾಮ್ ಅಲ್ಲ, ಇಮಾಮರನ್ನು ಕೆಲಸಕ್ಕೆ ಇಟ್ಟುಕೊಂಡವನು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿಕೊಂಡು, ಜೊತೆಗೆ ನಮ್ಮ ಜಮಾತಿನ, ಅಂದರೆ ಮಸೀದಿ ನಡೆಸುವ ನಮ್ಮ ಮುಸ್ಲಿಮರ ಕೂಟದ, ಕಾರ್ಯದರ್ಶಿಯಾಗಿ 14 ವರ್ಷ ಲೆಕ್ಕ ಬರೆದೆ. ಅಷ್ಟರಲ್ಲಿ ಐದು ಜನ ಇಮಾಮರನ್ನು ನೋಡಿದೆ. ಒಬ್ಬರನ್ನು ಕಳಿಸಿದ್ದು ತಪ್ಪು ಅಂತ ಈಗಲೂ ಅನಿಸುತ್ತದೆ, ಅದನ್ನು ಆಮೇಲೆ ಹೇಳುತ್ತೇನೆ. ಹಾಗಾಗಿ ನಾನು ಬರೆಯುವುದು ಸಂಬಳ ಕೊಟ್ಟವನ ಕಡೆಯಿಂದ ಕಂಡದ್ದು.

ನಿಮ್ಮ ಅಬ್ಬಾ ಕೇಳಿದ ಪ್ರಶ್ನೆ ನಮ್ಮ ಕಮಿಟಿಯಲ್ಲೂ ಪ್ರತಿ ವರ್ಷ ಏಳುತ್ತಿತ್ತು. ಸಂಬಳ ಏರಿಸುವ ಮಾತು ಬಂದ ಕೂಡಲೇ ಯಾರಾದರೊಬ್ಬರು ಬೆರಳು ಮಡಚಿ ಎಣಿಸಲು ಶುರು ಮಾಡುತ್ತಿದ್ದರು. ಒಂದು ಹೊತ್ತಿನ ನಮಾಜಿಗೆ ಹತ್ತು ನಿಮಿಷ, ಹದಿನೈದು ನಿಮಿಷ. ಐದೂ ಸೇರಿಸಿದರೆ ಒಂದೂಕಾಲು ಗಂಟೆ. "ಒಂದೂಕಾಲು ಗಂಟೆ ಕೆಲಸಕ್ಕೆ ಇಷ್ಟು ಸಾಲದಾ?" ಒಂದು ಸಲ ನನಗೆ ಸಿಟ್ಟು ಬಂದು, ಹಾಗೆ ಕೇಳಿದವರಿಗೇ ಒಂದು ವಾರ ಇಮಾಮರ ವೇಳಾಪಟ್ಟಿಯಲ್ಲಿ ಇದ್ದು ನೋಡಿ ಅಂದೆ. ನಮಾಜು ಮಾಡಿಸುವುದು ಬೇಡ, ಸುಮ್ನೆ ಐದೂ ಹೊತ್ತು ಮಸೀದಿಯಲ್ಲಿ ಹಾಜರಿದ್ದರೆ ಸಾಕು. ಅಂಗಡಿ ಇಟ್ಟುಕೊಂಡ ಮನುಷ್ಯ ಅವರು. ಮೂರನೇ ದಿನಕ್ಕೆ ಬಿಟ್ಟರು.

ಯಾಕೆ ಅಂದರೆ ಈ ಕೆಲಸದಲ್ಲಿ ಕಷ್ಟ ಇರುವುದು ನಮಾಜುಗಳ ಮಧ್ಯದ ಹೊತ್ತಿನಲ್ಲಿ. ಫಜರ್ ನಮಾಜು ಬೆಳಗ್ಗೆ ಐದೂಮುಕ್ಕಾಲರ ಹೊತ್ತಿಗೆ. ಜೊಹರ್ ಮಧ್ಯಾಹ್ನ ಒಂದೂವರೆ, ಅಸರ್ ಐದು, ಮಗರಿಬ್ ಸೂರ್ಯ ಮುಳುಗಿದ ತಕ್ಷಣ, ಇಶಾ ಎಂಟೂಕಾಲು. ಜೊಹರ್ ಆದ ಮೇಲೆ ನಿಮಗೆ ಬಿಡುವು ಇರುವುದು ಮೂರು ಗಂಟೆ ಚಿಲ್ಲರೆ. ಅಸರಿನಿಂದ ಇಶಾವರೆಗೆ ಒಂದೂವರೆ ಗಂಟೆಯೊಳಗೆ ಹೋಗಿ ಬರುವುದಕ್ಕಿಂತ ದೂರ ಹೋಗುವ ಹಾಗೇ ಇಲ್ಲ. ಅಮ್ಮನನ್ನು ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸಬೇಕಾದರೆ ಫಜರ್ ಮುಗಿಸಿ ಓಡಬೇಕು, ಜೊಹರ್ ಒಳಗೆ ವಾಪಸ್ ಇರಬೇಕು. ಭಾನುವಾರ ಇಲ್ಲ, ಹಬ್ಬ ಇಲ್ಲ. ಹಬ್ಬದ ದಿನವಂತೂ ಎಲ್ಲರೂ ಮನೆಯಲ್ಲಿ ಸೇವಯ್ಯಾ ತಿನ್ನುವಾಗ ಇವರು ಈದ್ಗಾದಿಂದ ಬಂದು ಮತ್ತೆ ಜೊಹರಿಗೆ ಮುಂದೆ ನಿಲ್ಲಬೇಕು. ಒಂದು ಹೊತ್ತು ತಪ್ಪಿದರೂ ಹಿಂದೆ ಸಫ್‌ನಲ್ಲಿ, ಅಂದರೆ ಸಾಲಿನಲ್ಲಿ, ನಿಂತ ನಲವತ್ತು ಜನಕ್ಕೂ ಗೊತ್ತಾಗುತ್ತದೆ. ನಾನು ಹೈಸ್ಕೂಲಿಗೆ ಅರ್ಧ ಗಂಟೆ ತಡವಾಗಿ ಹೋದರೆ ಹೆಡ್‌ಮಾಸ್ಟರಿಗೆ ಮಾತ್ರ ಗೊತ್ತಾಗುತ್ತಿತ್ತು.

ಇನ್ನು ಆ ಬಿಡುವಾದರೂ ಖಾಲಿ ಇರುತ್ತದಾ? ಬೆಳಗ್ಗೆ ಶಾಲೆಗೆ ಮುಂಚೆ, ಇಲ್ಲವೇ ಮಗರಿಬ್ ಆದ ಮೇಲೆ, ಮಕ್ತಬಿಗೆ ಮಕ್ಕಳು ಬರುತ್ತಾರೆ. ಅಲಿಫ್ ಬೇ ಹಿಡಿದು ಕುರಾನು ಓದುವ ತನಕ ಕಲಿಸಬೇಕು. ಯಾರದೋ ಮನೆಯಲ್ಲಿ ಮಗು ಹುಟ್ಟಿದರೆ ಕಿವಿಯಲ್ಲಿ ಅಜಾನ್ ಹೇಳಬೇಕು. ಸಾವಾದರೆ ಹೊತ್ತು ಗೊತ್ತಿಲ್ಲ. ರಾತ್ರಿ ಹನ್ನೆರಡಕ್ಕೂ ಬಾಗಿಲು ತಟ್ಟುತ್ತಾರೆ, ಮಯ್ಯತ್ತಿಗೆ ಗುಸುಲ್, ಅಂದರೆ ಶವಕ್ಕೆ ಸ್ನಾನ, ಮಾಡಿಸುವುದು ಹೇಗೆ ಅಂತ ಕೇಳುತ್ತಾರೆ, ಅಂತ್ಯಸಂಸ್ಕಾರದ ಜನಾಜಾ ನಮಾಜು ಮಾಡಿಸಬೇಕು, ಕಬರಸ್ತಾನದವರೆಗೆ ಹೋಗಬೇಕು. ನಿಕಾಹ್, ಅಂಗಡಿ ಓಪನಿಂಗಿಗೆ ದುವಾ, ಗಂಡ ಹೆಂಡತಿ ಜಗಳ. ಈ ಕೊನೆಯದು ಇದೆಯಲ್ಲ, ಅದನ್ನು ಯಾವ ಮದ್ರಸಾದಲ್ಲೂ ಸರಿಯಾಗಿ ಕಲಿಸುವುದಿಲ್ಲ, ಆದರೆ ಜಾಸ್ತಿ ಬರುವುದು ಅದೇ. ನಮ್ಮ ಒಬ್ಬ ಇಮಾಮರ ಹುಜ್ರಾದಲ್ಲಿ, ಅಂದರೆ ಮಸೀದಿಗೆ ಅಂಟಿಕೊಂಡ ಅವರ ಕೋಣೆಯಲ್ಲಿ, ಎರಡು ಪ್ಲಾಸ್ಟಿಕ್ ಕುರ್ಚಿ ಯಾವಾಗಲೂ ಎದುರುಬದುರು ಇರುತ್ತಿದ್ದವು. ಯಾಕೆ ಅಂತ ಕೇಳಿದ್ದಕ್ಕೆ, "ಮಾಸ್ಟರ್ ಸಾಹೇಬ್, ಚಾಪೆ ಮೇಲೆ ಕೂತರೆ ಬೇಗ ಏಳಲ್ಲ" ಅಂದರು.

ಈಗ ದುಡ್ಡು ತೆಗೆದುಕೊಳ್ಳಬಹುದಾ ಅನ್ನುವ ವಿಷಯ. ಇಸ್ಲಾಮಿನಲ್ಲಿ ದೀಕ್ಷೆ ಪಡೆದ ಪುರೋಹಿತ ವರ್ಗ ಅಂತ ಇಲ್ಲ. ಕುರಾನನ್ನು ಎಲ್ಲರಿಗಿಂತ ಚೆನ್ನಾಗಿ ಓದಬಲ್ಲವರು ಮುಂದೆ ನಿಲ್ಲಲಿ ಅಂತ ಹದೀಸಿನಲ್ಲಿ, ಅಂದರೆ ಪ್ರವಾದಿಯವರ ವಚನಗಳಲ್ಲಿ, ಇದೆ, ಅಷ್ಟೇ. ನಾಲ್ಕು ಜನ ಪ್ರಯಾಣದಲ್ಲಿದ್ದರೆ ಅವರಲ್ಲೊಬ್ಬರು ಆ ಹೊತ್ತಿಗೆ ಇಮಾಮ್. ಈ ಕಾರಣಕ್ಕೇ ಹನಫಿ ಅನ್ನುವ ಸುನ್ನಿ ಧರ್ಮಶಾಸ್ತ್ರ ಪಂಥದ ಹಳೆಯ ವಿದ್ವಾಂಸರು ಇಮಾಮತ್ತಿಗೆ, ಕುರಾನು ಕಲಿಸುವುದಕ್ಕೆ ಕೂಲಿ ಪಡೆಯಬಾರದು ಅಂದಿದ್ದರು. ಆದರೆ ಆ ಕಾಲದಲ್ಲಿ ಇಂಥವರಿಗೆ ಬೈತುಲ್ ಮಾಲ್, ಅಂದರೆ ಖಜಾನೆಯಿಂದ ವಜೀಫಾ, ಅಂದರೆ ಭತ್ಯೆ, ಸಿಗುತ್ತಿತ್ತು. ಅದು ನಿಂತು ಹೋಯಿತು. ಹೊಟ್ಟೆಪಾಡಿಗೆ ಬೇರೆ ಕೆಲಸಕ್ಕೆ ಹೋದರೆ ಮಸೀದಿಯಲ್ಲಿ ಐದು ಹೊತ್ತು ನಿಲ್ಲುವವರೇ ಇರುವುದಿಲ್ಲ. ಆಮೇಲೆ ಬಂದ ಹನಫಿ ವಿದ್ವಾಂಸರು ಇದನ್ನು ನೋಡಿ, ಸಂಬಳ ತೆಗೆದುಕೊಳ್ಳಬಹುದು ಅಂತ ಫತ್ವಾ ಕೊಟ್ಟರು. ಇವತ್ತು ನಮ್ಮಲ್ಲಿ ನಡೆಯುತ್ತಿರುವುದು ಅದೇ ಪ್ರಕಾರ. ಕೊಡುವ ದುಡ್ಡು ನಮಾಜಿನ ಬೆಲೆಯಲ್ಲ, ಅವರು ನಮಗಾಗಿ ಕಟ್ಟಿಹಾಕಿಕೊಂಡ ಹೊತ್ತಿನ ಬೆಲೆ ಅಂತ ಒಬ್ಬ ಹಿರಿಯ ಮೌಲಾನಾ ನನಗೆ ಬಿಡಿಸಿ ಹೇಳಿದ್ದರು. ಮೊದಲ ಖಲೀಫಾ ಹಜರತ್ ಅಬೂಬಕರ್ ಅವರ ಪ್ರಸಂಗ ನಿಮ್ಮ ತಮ್ಮನಿಗೆ ಗೊತ್ತಿರುತ್ತದೆ. ಖಲೀಫಾ ಆದ ಮೇಲೂ ಬಟ್ಟೆ ಹೊತ್ತುಕೊಂಡು ಮಾರುಕಟ್ಟೆಗೆ ಹೊರಟಿದ್ದರು. ಹಜರತ್ ಉಮರ್ ತಡೆದರು, ಖಜಾನೆಯಿಂದ ಅವರಿಗೆ ಇಂತಿಷ್ಟು ಅಂತ ಗೊತ್ತು ಮಾಡಿದರು. ಅಬ್ಬಾಗೆ ಇದನ್ನು ಅವನ ಬಾಯಿಂದಲೇ ಹೇಳಿಸಿ.

ಕೋರ್ಟಿನ ಮುಂದೂ ಇದೇ ವಾದ ಬಂದಿತ್ತು. ಅಖಿಲ ಭಾರತ ಮಟ್ಟದ ಇಮಾಮರ ಸಂಘಟನೆಯೊಂದು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಇಮಾಮತ್ ಗೌರವದ ಸೇವೆ, ಇದಕ್ಕೆ ಸಂಬಳ ಅನ್ನುವುದಿಲ್ಲ, ಅವರೇನು ನಮ್ಮ ನೌಕರರಲ್ಲ ಅಂತ ವಕ್ಫ್ ಮಂಡಳಿಗಳ ಕಡೆಯವರು ವಾದಿಸಿದರು. ಕೋರ್ಟು ಒಪ್ಪಲಿಲ್ಲ. 1993ರ ಮೇ ತಿಂಗಳ ತೀರ್ಪಿನಲ್ಲಿ ಇಮಾಮರಿಗೆ ಸಂಭಾವನೆಯ ಹಕ್ಕಿದೆ, ಅದಕ್ಕೊಂದು ಯೋಜನೆ ಮಾಡಿ ಅಂತ ಹೇಳಿತು. ಹಾಗಂತ ಅವತ್ತಿನಿಂದ ಎಲ್ಲ ಇಮಾಮರಿಗೂ ತಿಂಗಳ ಒಂದನೇ ತಾರೀಕು ಸಂಬಳ ಬರುತ್ತಿದೆ ಅಂದುಕೊಳ್ಳಬೇಡಿ.

ನಮ್ಮ ರಾಜ್ಯದಲ್ಲಿ ಬರುವುದು ಸಂಬಳ ಅಲ್ಲ, ಗೌರವಧನ. 2025-26ರ ಬಜೆಟ್ಟಿನಲ್ಲಿ ಪೇಶ್ ಇಮಾಮರಿಗೆ ತಿಂಗಳಿಗೆ 6,000, ಅಜಾನ್ ಕೊಡುವ ಮುಅಜ್ಜಿನ್‌ಗೆ, ನಮ್ಮ ಬಾಯಲ್ಲಿ ಮೌಜನ್ ಅನ್ನುತ್ತೇವಲ್ಲ ಅವರಿಗೆ, 5,000 ರೂಪಾಯಿಗೆ ಏರಿಸುವುದಾಗಿ ಘೋಷಿಸಿದರು. ಅದೇ ಸಾಲಿನಲ್ಲಿ ಜೈನ ಅರ್ಚಕರು, ಸಿಖ್ಖರ ಗ್ರಂಥಿಗಳೂ ಇದ್ದರು. ಮುಜರಾಯಿಯ ಚಿಕ್ಕ ದೇವಸ್ಥಾನಗಳಿಗೆ ತಸ್ತೀಕು ಬೇರೆ ದಾರಿಯಲ್ಲಿ ಹೋಗುತ್ತದೆ. "ಮುಲ್ಲಾಗಳಿಗೆ ಮಾತ್ರ ಕೊಡ್ತಾರೆ" ಅನ್ನುವವರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಈ ಹಣ ವಕ್ಫ್ ಮಂಡಳಿಯ ಮೂಲಕ ಬರುತ್ತದೆ, ಎಲ್ಲ ಮಸೀದಿಗಳಿಗೂ ಬರುವುದಿಲ್ಲ. ಹಾಗಾಗಿ ತಮ್ಮ ಸೇರುವ ಮಸೀದಿ ವಕ್ಫ್ ದಾಖಲೆಯಲ್ಲಿ ಇದೆಯಾ, ಗೌರವಧನ ಈಗ ಯಾರ ಖಾತೆಗೆ ಬರುತ್ತಿದೆ ಅನ್ನುವುದನ್ನು ಜಿಲ್ಲಾ ವಕ್ಫ್ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಲಿ. ಹಿಂದಿನ ಇಮಾಮರ ಹೆಸರೇ ವರ್ಷಗಟ್ಟಲೆ ಮುಂದುವರಿದಿರುವುದನ್ನು ನಾನೇ ನೋಡಿದ್ದೇನೆ.

ಇನ್ನೊಂದು ಜಾಣತನವೂ ಇದೆ. ಸರ್ಕಾರದ್ದು ಬರುತ್ತದಲ್ಲ ಅಂತ ಕಮಿಟಿಯವರು ತಾವು ಕೊಡುವುದರಲ್ಲಿ ಅಷ್ಟನ್ನು ಕಳೆದುಬಿಡುತ್ತಾರೆ. ಗೌರವಧನ ನಾಲ್ಕು ತಿಂಗಳು ತಡವಾದರೆ ಅಷ್ಟೂ ದಿನ ಇಮಾಮರು ಕೈಕಟ್ಟಿ ಕೂರಬೇಕು. ಇದನ್ನು ಮೊದಲ ದಿನವೇ ಬಗೆಹರಿಸಿಕೊಳ್ಳಬೇಕು. ಜಮಾತಿನ ಸಂಬಳ ಪೂರ್ತಿ, ಗೌರವಧನ ಅದರ ಮೇಲೆ.

ಸಂಬಳ ಎಷ್ಟು ಅಂದರೆ ಒಂದೇ ಅಳತೆ ಇಲ್ಲ. ನಾನು ಕಾರ್ಯದರ್ಶಿ ಆದಾಗ ನಮ್ಮಲ್ಲಿ 5 ಸಾವಿರ ಇತ್ತು, ಬಿಟ್ಟಾಗ 16 ಸಾವಿರ. ಅದನ್ನು ಏರಿಸಲು ಮಸೀದಿಯ ಮುಂದಿನ ಮೂರು ಮಳಿಗೆಗಳ ಬಾಡಿಗೆ ಏರಿಸಬೇಕಾಯಿತು, ಬಾಡಿಗೆದಾರರು ನನ್ನ ಜೊತೆ ಆರು ತಿಂಗಳು ಮಾತು ಬಿಟ್ಟರು. ಮಳಿಗೆ ಇಲ್ಲದ ಮಸೀದಿಗೆ ಜುಮ್ಮಾ, ಅಂದರೆ ಶುಕ್ರವಾರದ, ದಿನದ ಚಂದಾ ಡಬ್ಬಿಯೇ ಗತಿ. ಅದಕ್ಕೇ ಕೆಲಸಕ್ಕೆ ಒಪ್ಪುವ ಮುಂಚೆ ಮಸೀದಿಗೆ ಆದಾಯ ಎಲ್ಲಿಂದ ಅಂತ ನೋಡುವುದು ಸಂಬಳ ಎಷ್ಟು ಅಂತ ಕೇಳುವುದಕ್ಕಿಂತ ಮುಖ್ಯ.

ಹಿಂದೆ ಹೇಗಿತ್ತು ಅಂತ ಅಬ್ಬಾಗೆ ನೆನಪಿರಬಹುದು. ನಮ್ಮ ಕಡೆ ಹಳ್ಳಿಗಳಲ್ಲಿ ಮುಲ್ಲಾ ಮನೆತನ ಇರುತ್ತಿತ್ತು. ನಮಾಜು, ನಿಕಾಹ್, ಮೊಹರಮ್, ಕುರಿ ಹಲಾಲ್ ಮಾಡುವುದು ಎಲ್ಲ ಅವರದೇ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಜೋಳ ಸಿಗುತ್ತಿತ್ತು, ಕೆಲವರಿಗೆ ಇನಾಂ ಹೊಲವೂ ಇತ್ತು. ಇನಾಂ ರದ್ದಾಯಿತು, ಕಣ ಹೋಯಿತು, ಮುಲ್ಲಾ ಅನ್ನುವುದು ಅಡ್ಡಹೆಸರಾಗಿ ಉಳಿಯಿತು. ಈಗ ಆ ಜಾಗಕ್ಕೆ ಬಂದಿರುವುದು ಮದ್ರಸಾದಲ್ಲಿ ಓದಿ ಬೇರೆ ಊರಿನಿಂದ ಬರುವ ನಿಮ್ಮ ತಮ್ಮನಂಥ ಹುಡುಗರು. ಬೆಂಗಳೂರಿನ ಎಷ್ಟೋ ಮಸೀದಿಗಳಲ್ಲಿ ಬಿಹಾರ, ಉತ್ತರ ಪ್ರದೇಶದವರೂ ಇದ್ದಾರೆ.

ಕರಾವಳಿಯ ಕಥೆ ಬೇರೆ. ಅಲ್ಲಿನ ಬ್ಯಾರಿ ಮುಸ್ಲಿಮರು ಶಾಫಿಈ ಅನ್ನುವ ಇನ್ನೊಂದು ಪಂಥದವರು, ಇಮಾಮರನ್ನು ಉಸ್ತಾದ್, ಮುಸ್ಲಿಯಾರ್, ಖತೀಬ್ ಅಂತ ಕರೆಯುತ್ತಾರೆ. ಮಸೀದಿ, ಮದ್ರಸಾ, ಜಮಾಅತ್ ಮೂರೂ ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಎಷ್ಟೋ ಕಡೆ ಉಸ್ತಾದರ ಊಟ ಸರದಿಯ ಮೇಲೆ ಮನೆಮನೆಯಿಂದ ಬರುತ್ತದೆ, ಚಿಕ್ಕ ಹುಡುಗನೊಬ್ಬ ಟಿಫಿನ್ ಕ್ಯಾರಿಯರ್ ಹಿಡಿದು ಬರುವುದನ್ನು ಮಂಗಳೂರಿನ ಕಡೆ ನೋಡಿದ್ದೇನೆ. ಅವರ ಹೆಸರಿನ ಬಾಲ ನೋಡಿದರೆ ಓದಿದ್ದೆಲ್ಲಿ ಅಂತ ಗೊತ್ತಾಗುತ್ತದೆ: ಬಾಖವಿ ಅಂದರೆ ವೆಲ್ಲೂರಿನ ಬಾಖಿಯಾತ್, ಸಅದಿ ಅಂದರೆ ಕಾಸರಗೋಡಿನ ಸಅದಿಯ್ಯಾ, ಸಖಾಫಿ ಅಂದರೆ ಕೋಝಿಕ್ಕೋಡಿನ ಹತ್ತಿರದ ಮರ್ಕಝ್. ನಮ್ಮ ಕಡೆ ಖಾಸ್ಮಿ ಅಂದರೆ ದೇವಬಂದ್, ರಶಾದಿ ಅಂದರೆ ಬೆಂಗಳೂರಿನ ಸಬೀಲುರ್ರಶಾದ್, ಬಿಎಂಟಿಸಿ ಕಂಡಕ್ಟರು "ಅರೇಬಿಕ್ ಕಾಲೇಜ್" ಅಂತ ಕೂಗುತ್ತಾರಲ್ಲ, ಅಲ್ಲಿ. ಕಮಿಟಿಯವರು ಅರ್ಜಿಯಲ್ಲಿ ಮೊದಲು ನೋಡುವುದು ಈ ಬಾಲವನ್ನೇ. ಯಾಕಂದರೆ ಪ್ರತಿ ಮಸೀದಿಗೂ ತನ್ನದೇ ಮಸ್ಲಕ್, ಅಂದರೆ ವಿಚಾರಧಾರೆ, ಇರುತ್ತದೆ. ಪ್ರವಾದಿಯವರಿಗೆ ಎದ್ದು ನಿಂತು ಸಲಾಮ್ ಓದುವ ಮಸೀದಿಗೆ ಓದದವರು ಹೋದರೆ ಇಬ್ಬರಿಗೂ ಕಷ್ಟ. ತಮ್ಮ ಇದನ್ನು ಮುಚ್ಚಿಟ್ಟು ಸೇರುವುದು ಬೇಡ, ಮೊದಲ ಜುಮ್ಮಾದಲ್ಲೇ ಬಯಲಾಗುತ್ತದೆ.

ಸಂದರ್ಶನ ಹೇಗಿರುತ್ತದೆ ಅಂದರೆ, ಮಗರಿಬಿಗೋ ಇಶಾಕ್ಕೋ ಮುಂದೆ ನಿಲ್ಲಿಸುತ್ತಾರೆ. ಮೊದಲನೇ ಸಫ್‌ನಲ್ಲಿ ಇಬ್ಬರು ಹಿರಿಯರು ಕಿವಿಗೊಟ್ಟು ನಿಂತಿರುತ್ತಾರೆ. ಅರಬಿಯಲ್ಲಿ ಎರಡು 'ಕ' ಇವೆ. ಒಂದು ನಮ್ಮ ಹಾಗೆ ಬಾಯಲ್ಲಿ, ಇನ್ನೊಂದು ಗಂಟಲಿನ ಬುಡದಿಂದ. ಗಂಟಲಿನಿಂದ ಅಂದರೆ 'ಕಲ್ಬ್' ಹೃದಯ, ಬಾಯಲ್ಲಿ ಅಂದರೆ ಅದೇ ಪದ ನಾಯಿ ಆಗಿಬಿಡುತ್ತದೆ. ಕನ್ನಡದಲ್ಲಿ ಬೆಳೆದ ನಾಲಿಗೆಗೆ ಇದು ಸುಲಭಕ್ಕೆ ಬರುವುದಿಲ್ಲ, ವರ್ಷಗಟ್ಟಲೆ ತಿದ್ದಬೇಕು. ಆದರೆ ನನ್ನ ಅನುಭವದಲ್ಲಿ ಕಿರಾತ್‌ಗಿಂತ, ಅಂದರೆ ಕುರಾನು ಓದುವ ರೀತಿಗಿಂತ, ದೊಡ್ಡ ಪರೀಕ್ಷೆ ಬೇರೆ. ಓದುತ್ತಾ ಓದುತ್ತಾ ಮರೆತರೆ ಹಿಂದಿನಿಂದ ಯಾರಾದರೂ ಲುಕ್ಮಾ ಕೊಡುತ್ತಾರೆ, ಅಂದರೆ ಮುಂದಿನ ಪದ ಎತ್ತಿಕೊಡುತ್ತಾರೆ. ಒಬ್ಬ ಅಭ್ಯರ್ಥಿ ಲುಕ್ಮಾ ಕೇಳಿಸಿಕೊಂಡು, ತಿದ್ದಿಕೊಂಡು, ನಮಾಜು ಮುಗಿದ ಮೇಲೆ ತಿರುಗಿ "ಯಾರು ಹೇಳಿದ್ದು? ಜಜಾಕಲ್ಲಾಹ್" ಅಂದ, ಅಲ್ಲಾಹ್ ನಿಮಗೆ ಪ್ರತಿಫಲ ಕೊಡಲಿ ಅಂತ. ಅವನನ್ನೇ ಇಟ್ಟುಕೊಂಡೆವು. ಇನ್ನೊಬ್ಬ ಅವನಿಗಿಂತ ಚೆಂದ ಓದುತ್ತಿದ್ದ, ಆದರೆ ಲುಕ್ಮಾ ಕೊಟ್ಟವರನ್ನು ದುರುಗುಟ್ಟಿ ನೋಡಿದ.

ನಿಮ್ಮ ತಮ್ಮ ಹಾಫಿಜ್ ಆಗಿರುವುದು ದೊಡ್ಡ ಬಲ. ರಮಜಾನಿನಲ್ಲಿ ರಾತ್ರಿಯ ವಿಶೇಷ ನಮಾಜು ತರಾವೀಹ್, ಹನಫಿಗಳಲ್ಲಿ ದಿನಕ್ಕೆ 20 ರಕಾತ್, ಅಂದರೆ ನಮಾಜಿನ 20 ಸುತ್ತು. ಕುರಾನಿನ 30 ಪಾರಾ, ಅಂದರೆ ಭಾಗಗಳನ್ನು 27ನೇ ರಾತ್ರಿಯ ಒಳಗೆ ಬಾಯಿಪಾಠವಾಗಿ ಮುಗಿಸುವುದು ಹೆಚ್ಚಿನ ಮಸೀದಿಗಳ ರೂಢಿ. ತಿಂಗಳು ಪೂರ್ತಿ ಹಗಲು ರೋಜಾ, ಮಧ್ಯಾಹ್ನ ಆ ದಿನದ ಪಾರಾ ಮತ್ತೆ ಮತ್ತೆ ಓದಿಕೊಳ್ಳುವುದು, ರಾತ್ರಿ ಒಂದೂವರೆ ಗಂಟೆ ನಿಂತು ಓದುವುದು. ಹಿಂದೆ ಇನ್ನೊಬ್ಬ ಹಾಫಿಜ್ ಕೇಳಿಸಿಕೊಳ್ಳಲು ನಿಂತಿರುತ್ತಾನೆ. ಕೊನೆಗೆ ಜನ ಹದಿಯಾ, ಅಂದರೆ ಕಾಣಿಕೆ, ಕೊಡುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ತಿಂಗಳ ಸಂಬಳ ಸರಿ ಅನ್ನುವ ವಿದ್ವಾಂಸರಲ್ಲೇ ಹಲವರು ತರಾವೀಹಿನಲ್ಲಿ ಕುರಾನು ಓದಿದ್ದಕ್ಕೆ ಅಂತ ಗೊತ್ತು ಮಾಡಿಕೊಂಡ ದುಡ್ಡು ಸರಿಯಲ್ಲ ಅನ್ನುತ್ತಾರೆ. ಅದಕ್ಕೆ ಕೆಲವು ಕಡೆ ಆ ತಿಂಗಳ ಮಟ್ಟಿಗೆ ನಾಯಬ್, ಅಂದರೆ ಉಪ ಇಮಾಮ್ ಅಂತ ನೇಮಿಸಿ ಸಂಬಳ ಕೊಡುತ್ತಾರೆ. ತಮ್ಮ ತನ್ನ ಉಸ್ತಾದರ ಅಭಿಪ್ರಾಯ ಕೇಳಿಕೊಂಡೇ ಹೋಗಲಿ.

ಈಗ ಆ ತಪ್ಪಿನ ವಿಷಯ. ಒಬ್ಬ ಇಮಾಮರು ಒಂದು ಜುಮ್ಮಾ ಬಯಾನಿನಲ್ಲಿ, ಅಂದರೆ ಶುಕ್ರವಾರದ ಪ್ರವಚನದಲ್ಲಿ, ವರದಕ್ಷಿಣೆ ಬಗ್ಗೆ ಮಾತಾಡಿದರು. ಹೆಸರು ಹೇಳಲಿಲ್ಲ, ಬೈಕು ಕೇಳುವವರು ಅಂದರು ಅಷ್ಟೇ. ಆ ವಾರವೇ ಕಮಿಟಿಯ ದೊಡ್ಡ ಮನುಷ್ಯರೊಬ್ಬರ ಮಗನಿಗೆ ಮಾವನ ಮನೆಯಿಂದ ಬೈಕು ಬಂದಿತ್ತು. ಭಾನುವಾರ ಸಂಜೆ ಸಭೆ ಸೇರಿತು, ಸೋಮವಾರ ಫಜರ್ ಆದ ಮೇಲೆ ಅವರು ಪೆಟ್ಟಿಗೆ ಕಟ್ಟಿದರು. ಸಭೆಯ ನಡಾವಳಿ ಬರೆದದ್ದು ನಾನೇ. "ಇಮಾಮರು ವೈಯಕ್ತಿಕ ಕಾರಣದಿಂದ" ಅಂತ ಬರೆದೆ. ಅವರ ಕೈಯಲ್ಲಿ ನೇಮಕದ ಪತ್ರ ಇರಲಿಲ್ಲ, ಒಂದು ತಿಂಗಳ ನೋಟಿಸು ಕೇಳುವ ಆಧಾರವೂ ಇರಲಿಲ್ಲ.

ಆ ಮೇಲಿಂದ ನಾನು ಯಾರನ್ನೂ ಪತ್ರ ಇಲ್ಲದೆ ನೇಮಿಸಲಿಲ್ಲ. ಒಂದೇ ಹಾಳೆ ಸಾಕು. ಸಂಬಳ ಎಷ್ಟು, ಯಾವ ತಾರೀಕಿಗೆ, ನಗದೋ ಬ್ಯಾಂಕಿಗೋ. ತಿಂಗಳಿಗೆ ಎಷ್ಟು ದಿನ ರಜೆ, ರಜೆಯಲ್ಲಿ ನಮಾಜು ಮಾಡಿಸುವವರನ್ನು ಹುಡುಕುವುದು ಯಾರ ಜವಾಬ್ದಾರಿ. ಮಕ್ತಬ್ ಇದರಲ್ಲೇ ಸೇರಿದೆಯಾ, ಬೇರೆ ದುಡ್ಡಾ. ಮೌಜನ್ ಬೇರೆ ಇದ್ದಾರಾ, ಇಲ್ಲವೇ ಅಜಾನ್, ಕಸ ಗುಡಿಸುವುದು, ಕೈಕಾಲು ತೊಳೆಯುವ ಹೌಜಿಗೆ ನೀರು ಬಿಡುವುದೂ ಇವನ ತಲೆಗೇ ಬರುತ್ತದಾ. ತೆಗೆಯಬೇಕಾದರೆ ಎಷ್ಟು ದಿನದ ನೋಟಿಸು. ಅಧ್ಯಕ್ಷರ ಸಹಿ, ಜಮಾತಿನ ಮೊಹರು. ಇದನ್ನು ಕೇಳಲು ಹುಡುಗರು ನಾಚುತ್ತಾರೆ, ದೀನಿನ, ಅಂದರೆ ಧರ್ಮದ, ಕೆಲಸಕ್ಕೆ ಕಾಗದ ಯಾಕೆ ಅಂತ. ಸಾಲ ಕೊಟ್ಟು ತೆಗೆದುಕೊಳ್ಳುವಾಗ ಬರೆದಿಟ್ಟುಕೊಳ್ಳಿ ಅಂತ ಕುರಾನಿನಲ್ಲೇ ಇದೆ, ಸೂರಾ ಬಕರಾದಲ್ಲಿ, ಅದೂ ಇಡೀ ಕುರಾನಿನ ಅತಿ ಉದ್ದದ ಆಯತ್ತಿನಲ್ಲಿ, ಅಂದರೆ ವಚನದಲ್ಲಿ. ಅವನಿಗೆ ಬಾಯಿಪಾಠ ಬರುತ್ತದೆ, ಕೇಳಿ ನೋಡಿ.

ಜೊತೆಗೆ ಎಸ್ಸೆಸ್ಸೆಲ್ಸಿ ಆಗದಿದ್ದರೆ ಕೇಂದ್ರದ ಮುಕ್ತ ಶಾಲಾ ಸಂಸ್ಥೆ ಎನ್‌ಐಒಎಸ್‌ನಲ್ಲಿ ಕಟ್ಟಲಿ. ಹೈದರಾಬಾದಿನ ಮೌಲಾನಾ ಆಜಾದ್ ಉರ್ದು ವಿಶ್ವವಿದ್ಯಾಲಯ ಕೆಲವು ಮದ್ರಸಾಗಳ ಸರ್ಟಿಫಿಕೇಟನ್ನು ಪ್ರವೇಶಕ್ಕೆ ಒಪ್ಪುತ್ತದೆ, ಇವನ ಮದ್ರಸಾ ಆ ಪಟ್ಟಿಯಲ್ಲಿದೆಯಾ ನೋಡಿ. ಫಜರ್ ಮತ್ತು ಜೊಹರ್ ಮಧ್ಯೆ ಏಳು ಗಂಟೆ ಇರುತ್ತದೆ, ಡಿಗ್ರಿ ಓದಲು ಅದು ಬೇಕಾದಷ್ಟಾಯಿತು. ಡಿಗ್ರಿ ಆದರೆ ಇನ್ನೊಂದು ಬಾಗಿಲೂ ತೆರೆಯುತ್ತದೆ, ತುಂಬಾ ಜನರಿಗೆ ಇದು ಗೊತ್ತೇ ಇಲ್ಲ. ಭಾರತೀಯ ಸೇನೆ ಪಂಡಿತ, ಗ್ರಂಥಿ, ಪಾದ್ರಿಗಳ ಜೊತೆ ಮೌಲ್ವಿಗಳನ್ನೂ ಧರ್ಮ ಬೋಧಕರಾಗಿ ತೆಗೆದುಕೊಳ್ಳುತ್ತದೆ. ನಾಯಬ್ ಸುಬೇದಾರ್ ದರ್ಜೆ. ಡಿಗ್ರಿಯ ಜೊತೆ ಅರಬಿಯ ಮೌಲ್ವಿ ಆಲಿಮ್ ಅಥವಾ ಉರ್ದುವಿನ ಅದೀಬ್ ಆಲಿಮ್ ಕೇಳುತ್ತಾರೆ. ಹುದ್ದೆಗಳು ಕಡಿಮೆ, ದೈಹಿಕ ಪರೀಕ್ಷೆ ಇದೆ. ಆದರೂ ಜಾಹೀರಾತು ಬಂದಾಗ ನೋಡುತ್ತಿರಲಿ.

ಕನ್ನಡದಲ್ಲಿ ಚೆನ್ನಾಗಿ ಮಾತಾಡಲು ಕಲಿಯಲಿ ಅಂತಲೂ ಹೇಳುತ್ತೇನೆ, ಕನ್ನಡ ಮೇಷ್ಟ್ರು ಅನ್ನುವ ಕಾರಣಕ್ಕೆ ಮಾತ್ರ ಅಲ್ಲ. ಜುಮ್ಮಾ ನಮಾಜಿನ ವಿಧಿಯ ಭಾಷಣವಾದ ಖುತ್ಬಾ ಅರಬಿಯಲ್ಲಿ ಇದ್ದರೂ ಅದಕ್ಕೆ ಮುಂಚಿನ ಬಯಾನ್ ಜನರ ಭಾಷೆಯಲ್ಲಿ ಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗರಿಗೆ ಗಟ್ಟಿ ಉರ್ದು ತಲೆಯ ಮೇಲೆ ಹೋಗುತ್ತದೆ. ಪೊಲೀಸ್ ಠಾಣೆಯ ಶಾಂತಿ ಸಭೆಗೆ, ಶಾಲೆಯ ಕಾರ್ಯಕ್ರಮಕ್ಕೆ ಕರೆಯುವುದೂ ಇಮಾಮರನ್ನೇ. ಅಲ್ಲಿ ಎದ್ದು ಎರಡು ಮಾತು ನೆಟ್ಟಗೆ ಆಡುವವರಿಗೆ ಇಡೀ ಊರಿನಲ್ಲಿ ಬೆಲೆ ಬರುತ್ತದೆ.

ಕೊನೆಗೆ ಹೆಣ್ಣಿನ ವಿಷಯ. ಕೊಡುವುದಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಹುಜ್ರಾ ನೋಡಿದ ಮೇಲೆ ಹಿಂದೆಮುಂದೆ ನೋಡುತ್ತಾರೆ ಅನ್ನುವುದು ನಿಜ. ಎಂಟಡಿ ಹತ್ತಡಿ ಕೋಣೆ, ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವುಜೂ ಜಾಗಕ್ಕೆ ಅಂಟಿಕೊಂಡು, ಬಾಗಿಲು ತೆಗೆದರೆ ಎದುರಿಗೇ ಗಂಡಸರ ಸಾಲು. ಅಲ್ಲಿ ಹೆಂಡತಿಯನ್ನು ಇಟ್ಟುಕೊಳ್ಳುವುದು ಹೇಗೆ? ಹಾಗಾಗಿ ಎಷ್ಟೋ ಇಮಾಮರು ಮದುವೆಯಾಗಿಯೂ ಒಂಟಿ, ಎರಡು ತಿಂಗಳಿಗೊಮ್ಮೆ ನಾಲ್ಕು ದಿನ ಊರಿಗೆ ಹೋಗಿ ಬರುತ್ತಾರೆ. ಕೆಲಸ ಬಿಡಲು ಸಂಬಳಕ್ಕಿಂತ ಇದೇ ದೊಡ್ಡ ಕಾರಣ, ನಮ್ಮಲ್ಲಿ ಬಂದು ಹೋದವರಲ್ಲಿ ಇಬ್ಬರು ಹೀಗೇ ಹೋದರು.

ಲುಕ್ಮಾಕ್ಕೆ ಜಜಾಕಲ್ಲಾಹ್ ಅಂದವನಿಗೂ ಎರಡನೇ ವರ್ಷ ಅದೇ ಕಷ್ಟ ಬಂತು. ಆಗ ನಾವು ಮಿನಾರಿಗೆ ಬಣ್ಣ ಹೊಡೆಸಲು ಎತ್ತಿಟ್ಟಿದ್ದ ದುಡ್ಡಿನಲ್ಲಿ ಹಿಂದಿನ ಗಲ್ಲಿಗೆ ಬಾಗಿಲು ಇಟ್ಟು ಎರಡು ಕೋಣೆ, ಒಂದು ಬಚ್ಚಲು ಕಟ್ಟಿಸಿದೆವು. ಕಮಿಟಿಯಲ್ಲಿ ಜಗಳ ಆಗದೇ ಇರಲಿಲ್ಲ. ಅವನ ಹೆಂಡತಿ ಒಂದು ಹೊಲಿಗೆ ಯಂತ್ರ ತಂದಳು. ಈಗ ಓಣಿಯ ಹೆಣ್ಣುಮಕ್ಕಳೆಲ್ಲ ರವಿಕೆ ಕೊಡುವುದು ಅಲ್ಲಿಗೇ, ಮೇಲಿನ ಓಣಿಯ ಗೌಡರ ಮನೆಯವರೂ ಸೇರಿ. ಮಿನಾರಿನ ಬಣ್ಣ ಇನ್ನೂ ಹಾಗೇ ಇದೆ. ಇಮಾಮ್ ಸಾಹೇಬರು ಬಂದು ಏಳನೇ ವರ್ಷ.